ಎಲ್ಲಿಗೆ ಹೋಗಲೋ?

ನಡೆಯುವುದಕ್ಕೆ ಕಾಲು ಗಟ್ಟಿ ಇರಬೇಕೆಂಬುದು ವೈದ್ಯರ ಮತ. ಅದನ್ನು ಅಲ್ಲಗಳೆಯುವ ಧೈರ್ಯ ಕನ್ನಡದ ಮೇಷ್ಟ್ರಿಗೆ ಎಲ್ಲಿಂದ ಬರಬೇಕು? ಆದರೆ ಕಾಲಿನ ಜೊತೆಗೆ, ಹೋಗಿ ಸೇರಲು ಒಂದು ಜಾಗವೂ ಬೇಕೆಂದು ನಾನು ಸೇರಿಸಬಲ್ಲೆ. ಇದನ್ನು ನನಗೆ ಕಲಿಸಿದ್ದು ನನ್ನ ತಾಯಿಯ ಮಂಡಿಗಳು.

ತರೀಕೆರೆಯ ಹಳೆಯ ಪೇಟೆಯಲ್ಲಿ ನಮ್ಮದು ಬಾಡಿಗೆಯ ಮನೆ. ಮುಂದೆ ಜಗಲಿ, ಅದರಾಚೆ ಚರಂಡಿ, ಚರಂಡಿಯ ಮೇಲೊಂದು ಚಪ್ಪಡಿ, ಅಲ್ಲಿಂದಾಚೆಗೆ ಪ್ರಪಂಚ. ಎಡಕ್ಕೆ ದರ್ಜಿ, ಬಲಕ್ಕೆ ಹಿಟ್ಟಿನ ಗಿರಣಿ, ಎದುರಿಗೆ ದಿನಸಿ ಅಂಗಡಿ, ಅದರ ಮೇಲೆ ಅಂಗಡಿಯವರ ಸಂಸಾರ. ತಾಯಿ ದಿನಕ್ಕೆ ಮೂರು ಸಲವಾದರೂ ಹೊರಡುತ್ತಿದ್ದಳು: ಹೂವಿಗೆ, ಗಿರಣಿಗೆ, ದೇವಸ್ಥಾನಕ್ಕೆ. ಅದನ್ನು ವಾಕಿಂಗ್ ಎಂದು ಕರೆಯಬಹುದೆಂದು ಅವಳಿಗೆ ತಿಳಿದಿರಲೇ ಇಲ್ಲ. ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯುತ್ತಿತ್ತು. ದಣಿದರೆ ಕೂರಲು ಬೀದಿಯ ಜಗಲಿಗಳೆಲ್ಲ ಅವಳವೇ. ಆ ಬೀದಿ ಸ್ವರ್ಗವೇನಲ್ಲ. ಗಿರಣಿಯ ಸದ್ದಿನಲ್ಲಿ, ಚರಂಡಿಯ ವಾಸನೆಯಲ್ಲಿ ನಾನು ಎಂ.ಎ. ಪರೀಕ್ಷೆಗೆ ಓದಿದವನು. ಕಾಲುದಾರಿ ಕನಿಷ್ಠ 1.8 ಮೀಟರ್ ಅಗಲ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಬೀದಿಯಲ್ಲಿ ಒಂದು ಗೇಣೂ ಇರಲಿಲ್ಲ. ಆದರೂ ಜನ ನಡೆಯುತ್ತಿದ್ದರು.

ತಂದೆ ತೀರಿಕೊಂಡ ಮೇಲೆ, 2019ರಲ್ಲಿ, ಅವಳನ್ನು ಕಡೂರಿಗೆ ಕರೆತಂದೆ. ನಮ್ಮದು ಊರಾಚೆಯ ಬಡಾವಣೆ, ಹಿಂದೆ ರಾಗಿಯ ಹೊಲ. ಹೊಲ ಸೈಟಾಗಬೇಕಾದರೆ 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಪರಿವರ್ತನೆಯ ಅಪ್ಪಣೆ ಬೇಕು. ಯಾವ ಉದ್ದೇಶಕ್ಕೆಂದೂ ಹೇಳಬೇಕು. ನಮ್ಮ ಕಾಗದದಲ್ಲಿ ‘ವಾಸ’ ಎಂದಿದೆ. ಆ ಒಂದು ಪದವನ್ನು ಬಡಾವಣೆ ಚಾಚೂ ತಪ್ಪದೆ ಪಾಲಿಸಿದೆ. ವಾಸವಲ್ಲದೆ ಅಲ್ಲಿ ಮತ್ತೇನೂ ಇಲ್ಲ. ರಸ್ತೆ ಅಗಲ, ನೇರ, ನಿರ್ಜನ. ಎರಡೂ ಕಡೆ ಕಾಂಪೌಂಡು, ಗೇಟು, ನಾಯಿಯಿದೆ ಎಂಬ ಫಲಕ. ಒಂದು ಕಟ್ಟು ಕೊತ್ತಂಬರಿ ಬೇಕೆಂದರೂ ಲಾರಿಗಳ ನಡುವೆ ಹೆದ್ದಾರಿ ದಾಟಬೇಕು. ಆದ್ದರಿಂದ ಕೊತ್ತಂಬರಿ ನನ್ನ ಸ್ಕೂಟರಿನಲ್ಲಿ ಬರುತ್ತದೆ.

“ಒಂದು ಸುತ್ತು ಹಾಕಿಕೊಂಡು ಬಾಮ್ಮ” ಎಂದರೆ, “ಎಲ್ಲಿಗೆ ಹೋಗಲೋ?” ಎನ್ನುವಳು.

“ಎಲ್ಲಿಗೂ ಅಲ್ಲ, ಸುಮ್ಮನೆ.”

“ಸುಮ್ಮನೆ ಹೋಗೋಕೆ ನನಗೇನು ಹುಚ್ಚೇ?”

ಎರಡು ವರ್ಷದಲ್ಲಿ ಅವಳು ಅಡಿಗೆಮನೆಗೂ ಗೋಡೆ ಹಿಡಿದು ಹೋಗುವಂತಾದಳು. ವಯಸ್ಸಾಯಿತಲ್ಲ ಎಂದರು ವೈದ್ಯರು.

ಕಡೂರಿನಿಂದ ಹೊರಟ ಹಳಿ ಬೀರೂರಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆಗೆ. ಇನ್ನೊಂದು ಅಜ್ಜಂಪುರಕ್ಕೆ, ನನ್ನ ತಂಗಿಯ ಊರಿಗೆ. 2022ರ ಬೇಸಿಗೆಯಲ್ಲಿ ತಾಯಿಯನ್ನು ಅಲ್ಲಿಗೆ ಬಿಟ್ಟುಬಂದೆ. ತಂಗಿಯ ಮನೆ ಪೇಟೆಬೀದಿಯ ಸಾಲಿನಲ್ಲೇ ಇದೆ. ನಾಲ್ಕನೆಯ ದಿನ ತಂಗಿಯ ಫೋನು: ಅಮ್ಮ ಮನೆಯಲ್ಲಿಲ್ಲ. ಹುಡುಕಿದರೆ, ಎರಡು ಬೀದಿಯಾಚೆ ಹೂವಿನವಳ ಪಕ್ಕ ಕುಳಿತು ಮಾರು ಅಳೆಯುವುದರಲ್ಲಿ ಮೋಸವಾಗಿದೆಯೆಂದು ವಾದಿಸುತ್ತಿದ್ದಳಂತೆ. ಮಂಡಿ ನೋವು ಹೋಯಿತೇ ಎಂದು ಕೇಳಿದೆ. “ಇದೆ. ಇರಲಿ ಬಿಡು” ಎಂದಳು.

ಅಮೆರಿಕದ ಜೇನ್ ಜೇಕಬ್ಸ್ ಎಂಬಾಕೆ 1961ರಲ್ಲಿ ಅಲ್ಲಿಯ ಮಹಾನಗರಗಳ ಅಳಿವು ಉಳಿವನ್ನು ಕುರಿತು ಪುಸ್ತಕ ಬರೆದಳು. ಮನೆ, ಅಂಗಡಿ, ಕೆಲಸದ ಜಾಗ ಬೆರೆತಿದ್ದರೆ ಬೇರೆಬೇರೆ ಹೊತ್ತಿನಲ್ಲಿ ಬೇರೆಬೇರೆ ಜನ ಬೀದಿಗೆ ಬರುತ್ತಾರೆ. ಬೀದಿಗಳು ಗಿಡ್ಡವಾಗಿದ್ದು ತಿರುವುಗಳು ಹೆಚ್ಚಿದ್ದಷ್ಟೂ ಒಳ್ಳೆಯದು. ಅಂಗಡಿಯವರ ಕಣ್ಣೇ ಬೀದಿಗೆ ಕಾವಲು—ಇದು ಆಕೆಯ ವಾದ. ತರೀಕೆರೆಯಲ್ಲಿ ಆ ಕಣ್ಣಿನಿಂದಾಗಿ ನನ್ನ ಮೊದಲ ಬೀಡಿಯ ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ಆಕೆಯ ಮಾತನ್ನು ನಾನು ಪೂರ್ತಿಯಾಗಿ ನಂಬುತ್ತೇನೆ.

ಮೊಮ್ಮಗನ ಪರೀಕ್ಷೆಯ ನೆಪದಿಂದ ತಾಯಿ ಈಗ ಮತ್ತೆ ಕಡೂರಿನಲ್ಲಿದ್ದಾಳೆ. ನಮ್ಮ ಮೂಲೆಮನೆಯವರು ಮುಂದಿನ ಕೋಣೆಯಲ್ಲಿ ಹಾಲು ತರಕಾರಿಯ ಅಂಗಡಿ ತೆರೆಯುವ ಯೋಚನೆಯಲ್ಲಿದ್ದಾರೆ. ವಾಸದ ಬಡಾವಣೆಯ ಶಾಂತಿಗೆ ಭಂಗವೆಂದು ನೆರೆಯವರು ಪುರಸಭೆಗೆ ಅರ್ಜಿ ಬರೆದಿದ್ದಾರೆ. ಕಾಗದಪತ್ರದ ಮಟ್ಟಿಗೆ ನ್ಯಾಯ ಅವರ ಕಡೆಗೇ ಇದೆ. ಹದಿನಾಲ್ಕು ರುಜು ಬಿದ್ದಿವೆ. ಭಾಷೆ ತಿದ್ದಿ ರುಜು ಹಾಕಿಕೊಡಿ ಎಂದು ನನ್ನಲ್ಲಿ ಬಿಟ್ಟುಹೋದರು. ಕಾಗುಣಿತ ತಿದ್ದಿದ್ದೇನೆ, ರುಜು ಹಾಕಿಲ್ಲ. ತಾಯಿ ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, “ಹೂವೂ ಇಡ್ತಾರಂತೇನೋ?” ಎಂದು ಕೇಳಿದಳು. ಭಾನುವಾರ ಅರ್ಜಿ ತೆಗೆದುಕೊಂಡು ಹೋಗಲು ಅವರು ಬರುತ್ತಾರೆ.