519.60 ಮೀಟರ್ ಆದ ಮೇಲೆ

ಆಗ ಆಲಮಟ್ಟಿ ಜಲಾಶಯ ನಮ್ಮ ಪತ್ರಿಕೆಯ ಹುಬ್ಬಳ್ಳಿ ಕಚೇರಿಗೆ ಅಂಕಿಯಾಗಿ ಬರುತ್ತಿತ್ತು. ಮಳೆಗಾಲದ ಸಂಜೆ ಫೋನು: ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಇಷ್ಟು ಗೇಟು ತೆರೆದಿದೆ. ಜಲಾಶಯ ಭರ್ತಿಯಾಗುವುದು 519.60 ಮೀಟರಿಗೆ ಎಂಬುದು ಡೆಸ್ಕಿನಲ್ಲಿ ಎಲ್ಲರಿಗೂ ಬಾಯಿಪಾಠ. ಮೊದಲ ಪ್ಯಾರಾದಲ್ಲಿ ಅಂಕಿ, ಆಮೇಲೆ ನದಿದಂಡೆಯ ಊರುಗಳಿಗೆ ಎಚ್ಚರಿಕೆ, ಆಮೇಲೆ ಅಧಿಕಾರಿಯ ಮಾತು, ಕೊನೆಗೆ ಹಿನ್ನೆಲೆ. ರಾತ್ರಿ ಜಾಹೀರಾತು ಬಂದು ಜಾಗ ಸಾಲದಾದರೆ ಕೆಳಗಿನಿಂದ ಕತ್ತರಿ. ಬೇಕಾದದ್ದು ಮೇಲೆ ಉಳಿದಿರುತ್ತಿತ್ತು. ಆ ಶಿಸ್ತನ್ನು ಇಂದಿಗೂ ಗೌರವಿಸುತ್ತೇನೆ. ದಂಡೆಯಲ್ಲಿ ಪಂಪ್‌ಸೆಟ್ ಇಟ್ಟ ರೈತ ಆ ಹೊತ್ತಿನಲ್ಲಿ ವರ್ಣನೆ ಓದುವುದಿಲ್ಲ.

ಅದೇ ಅಂಕಿ ಬಾಗಲಕೋಟೆಯ ಹಳೇ ಊರಿಗೆ ಘಟಪ್ರಭೆಯ ಹಿನ್ನೀರಾಗಿ ಬಂತು. ಓಣಿಗಳು ಖಾಲಿಯಾದವು, ಅತ್ತ ನವನಗರದಲ್ಲಿ ಸೆಕ್ಟರುಗಳು ಎದ್ದವು. ಪುರವಣಿಗೆ ನುಡಿಚಿತ್ರ ಬರೆಯಲು ಹೋದಾಗ ಮೊದಲು ಸಿಕ್ಕಿದ್ದೂ ಲೆಕ್ಕವೇ: ಪರಿಹಾರದ ಮೊತ್ತ, ನಿವೇಶನದ ಅಳತೆ. ಅಷ್ಟಕ್ಕೇ ವಾಪಸಾಗಿದ್ದರೆ ಇನ್ನೊಂದು ಸುದ್ದಿಯಾಗುತ್ತಿತ್ತು. ಉಳಿದುಕೊಂಡೆ, ಮತ್ತೆ ಹೋದೆ. ಜನ ತಮ್ಮ ಮನೆಯನ್ನು ತಾವೇ ಕೆಡವಿ, ತೊಲೆ, ಬಾಗಿಲು, ಚೌಕಟ್ಟು ಹೇರಿಕೊಂಡು ಹೋಗುತ್ತಿದ್ದರು. ಗೋಡೆಗೆ ಗೋಡೆ ಹತ್ತಿಕೊಂಡು ಬದುಕಿದವರು ಬೇರೆ ಬೇರೆ ಸೆಕ್ಟರುಗಳಿಗೆ ಚದುರಿದ್ದರು. ಕಿರಾಣಿ ಅಂಗಡಿಯವರಿಗೆ ಹಳೇ ಗಿರಾಕಿಗಳಿಲ್ಲ. ಗಿರಾಕಿಗಳಿಗೆ ಹೊಸ ಜಾಗದಲ್ಲಿ ಉದ್ರಿ ಕೊಡುವವರಿಲ್ಲ. ಕೂಲಿ ಸಿಗದ ವಾರದಲ್ಲಿ ಮನೆಯ ಒಲೆ ಉರಿಸುತ್ತಿದ್ದದ್ದು ಆ ಉದ್ರಿ. ಮುಳುಗಡೆ ಪರಿಹಾರದ ಯಾವ ಪಟ್ಟಿಯಲ್ಲೂ ಅದಕ್ಕೊಂದು ಕಲಮು ಇರಲಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಸುಮ್ಮನೆ ಕೂತವರಿಗೆ ಮಾತ್ರ ಇದು ಗೊತ್ತಾಗುವ ಸಂಗತಿ.

ನುಡಿಚಿತ್ರವನ್ನು ಕೆಳಗಿನಿಂದ ಕತ್ತರಿಸಲು ಬರುತ್ತಿರಲಿಲ್ಲ. ಪುರವಣಿಯವರು ಫೋನ್ ಮಾಡಿ ಕೇಳಿಯೇ ಒಂದು ಸಾಲು ತೆಗೆಯುತ್ತಿದ್ದರು. ಈ ಭಾನುವಾರ ಆಗದಿದ್ದರೆ ಮುಂದಿನ ಭಾನುವಾರಕ್ಕೆ ಕಾಯುತ್ತಿದ್ದರು. ಪತ್ರಕರ್ತ ಪಿ. ಸಾಯಿನಾಥ್ ದೇಶದ ಬಡ ಜಿಲ್ಲೆಗಳಲ್ಲಿ ದೀರ್ಘಕಾಲ ತಿರುಗಾಡಿ ಬರೆದದ್ದು 1996ರಲ್ಲಿ ಪುಸ್ತಕವಾದಾಗ ನಮಗೆ ಬಲ ಬಂದಂತಾಯಿತು. ಬಡತನವನ್ನು ಅವರು ಒಂದು ದಿನದ ಘಟನೆಯಾಗಿ ನೋಡಲಿಲ್ಲ, ದಿನವೂ ನಡೆಯುತ್ತಿರುವುದಾಗಿ ನೋಡಿದರು.

ಈಗ ಜಲಾಶಯದ ಮಟ್ಟ ಪತ್ರಿಕೆಗಿಂತ ಮೊದಲೇ ರೈತನ ಮೊಬೈಲಿಗೆ ಬರುತ್ತದೆ. ಒಳ್ಳೆಯದೇ ಆಯಿತು. ಆದರೆ ತಡವಾದ ಸುದ್ದಿಗೆ ಪತ್ರಿಕೆಗಳು ನುಡಿಚಿತ್ರದ ಬಣ್ಣ ಬಳಿಯತೊಡಗಿವೆ: ತುಂಬಿದ ಒಡಲು, ಜಲರಾಶಿಯ ವೈಭವ, ಅಂಕಿ ನಾಲ್ಕನೇ ಪ್ಯಾರಾದಲ್ಲಿ. ಅತ್ತ ನುಡಿಚಿತ್ರ ಕಚೇರಿಯಲ್ಲೇ ಕೂತು, ಫೋನಿನಲ್ಲಿ ಮಾತಾಡಿ, ಸಂಜೆಯೊಳಗೆ ಮುಗಿಯುತ್ತಿದೆ. ಎರಡೂ ಕೆಟ್ಟವು. ಹೊಸ ಹುಡುಗರಿಗೆ ಬರೆಯಲು ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರ ಭಾಷೆ ನಮ್ಮದಕ್ಕಿಂತ ಚುರುಕಾಗಿದೆ. ಅವರಿಗೆ ಸಿಗದಿರುವುದು ಎರಡನೇ ಸಲ ಹೋಗುವ ಅವಕಾಶ.

ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಅಂದಿನಿಂದ ಈ ಅಂಕಿ ಸುದ್ದಿಯಲ್ಲಿದೆ. ಪರಿಹಾರದ ದರ, ಸಭೆ, ಧರಣಿ ಎಲ್ಲವೂ ವರದಿಯಾಗುತ್ತಿವೆ, ಆಗಬೇಕು. ಮುಳುಗಡೆಯ ಪಟ್ಟಿಯಲ್ಲಿರುವ ಊರಿನಲ್ಲಿ ಯಾರು ಯಾರಿಗೆ ಉದ್ರಿ ಕೊಡುತ್ತಿದ್ದಾರೆ, ಹೊಸ ಮನೆ ಕಟ್ಟಲು ಹೆದರಿ ಯಾರ ಮದುವೆ ಮುಂದಕ್ಕೆ ಹೋಗಿದೆ ಎಂದು ಕೇಳಿಕೊಂಡು ಬರಲು ಯಾವುದಾದರೂ ಪತ್ರಿಕೆ ಒಬ್ಬ ವರದಿಗಾರನಿಗೆ ಒಂದು ವಾರ ಬಿಡುವು ಮತ್ತು ಬಸ್ ಚಾರ್ಜು ಕೊಡಬೇಕು. ಹಿನ್ನೀರು ಬಂದ ಮೇಲೆ ಕೇಳಲು ಅಲ್ಲಿ ಯಾರೂ ಇರುವುದಿಲ್ಲ.