ಅಂಕಿಯ ಮರೆಯ ಅಕ್ಷರ

ಪಟಮಟದ ಬೀದಿಫಲಕಗಳೆಲ್ಲ ತೆಲುಗು. ತಲೆಕಟ್ಟು ಬಿಟ್ಟರೆ ಬಹುಮಟ್ಟಿಗೆ ನಮ್ಮ ಲಿಪಿಗೆ ಒಡಹುಟ್ಟಿದ್ದೇ. ಈಚೆಗೆ ನಮ್ಮ ಮನೆತನದ ವಂಶಾವಳಿಯನ್ನು ಮಕ್ಕಳು ಎಕ್ಸ್‌ಎಂಎಲ್ ಕಡತವಾಗಿ ಮಾಡಿದಾಗ ಹೆಸರುಗಳಿದ್ದಲ್ಲೆಲ್ಲ ಅಂಕಿಗಳು ಬಂದವು! “ಕನ್ನಡ ಇಲ್ಲೂ ಹೋಯಿತೇನಪ್ಪಾ?” ಎಂದರು ಅಮ್ಮ.

ಹೋಗಿರಲಿಲ್ಲ. ಯೂನಿಕೋಡಿನಲ್ಲಿ ಕನ್ನಡದ ‘ಅ’ ೩೨೦೫, ತೆಲುಗಿನದು ೩೦೭೭. ನಡುವೆ ೧೨೮, ಅಲ್ಲಿಯೂ ನಾವು ಪಕ್ಕದ ಮನೆಯವರೇ ಎನ್ನಿ. ಪೈಥಾನಿನ ಎಲಿಮೆಂಟ್‌ಟ್ರೀ ಎಂಬ ಸಿದ್ಧಸಾಧನ, ಲಿಪಿಸಂಕೇತ ಯಾವುದೆಂದು ಹೇಳದಿದ್ದರೆ, ಇಂಗ್ಲಿಷಿನಾಚೆಯ ಅಕ್ಷರಗಳನ್ನೆಲ್ಲ ಹೀಗೆ ಅಂಕಿಯಾಗಿ ಬರೆದಿಡುತ್ತದೆ. ಓದುವಾಗ ಅಕ್ಷರವನ್ನೇ ಮರಳಿಸುತ್ತದೆ. ಯುಟಿಎಫ್-೮ ಎಂದೊಡನೆ ಅಜ್ಜ ಮುತ್ತಜ್ಜಂದಿರೆಲ್ಲ ತಮ್ಮ ಹೆಸರಿನಲ್ಲೇ ಎದ್ದು ಬಂದರು. ಆಂಪರ್‌ಸಂಡ್ ಚಿಹ್ನೆಗೆ ಮಾತ್ರ ಆ ಸಲಿಗೆಯಿಲ್ಲ. ಅಂಕಿ ಬರುತ್ತಿದೆಯೆಂದು ಸಾರುವುದೇ ಅದಾದ್ದರಿಂದ, ಹೆಸರಿನ ನಡುವೆ ಬಂದರೆ ಯಾವಾಗಲೂ ವೇಷ ಹಾಕಲೇಬೇಕು.

ಗುಮಾಸ್ತರಾದ ನಮಗೆ ಷರಾ ಬರೆಯದೆ ನಿದ್ರೆ ಬಾರದು. ಇಷ್ಟನ್ನೂ ಕನ್ನಡದಲ್ಲೇ ಬರೆದು ವಂಶಾವಳಿಯ ಜೊತೆಗಿಟ್ಟಿದ್ದೇವೆ.