ಮರಿ ಮಗಲ್‌ಗಳು

2000ನೆಯ ಇಸವಿಯ ಮೇ 2ರಂದು ಅಮೆರಿಕ ಸರ್ಕಾರವು ನಾಗರಿಕರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಇರಿಸಿದ್ದ ದೋಷವನ್ನು ತೆಗೆದುಹಾಕಿತು. ಮರುದಿನವೇ ಡೇವ್ ಅಲ್ಮರ್ ಎಂಬುವರು ಓರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಬಕೆಟ್ಟೊಂದನ್ನು ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಜಿಯೋಕ್ಯಾಚಿಂಗ್ ಎಂಬ ನಿಧಿಶೋಧದ ಆಟ ಹುಟ್ಟಿದ್ದು ಹೀಗೆ.

ಈ ಆಟವನ್ನು ಅರಿಯದವರಿಗೆ ಆಟಗಾರರು ಇಟ್ಟ ಹೆಸರು 'ಮಗಲ್'. ಹ್ಯಾರಿ ಪಾಟರ್ ಕಾದಂಬರಿಗಳಲ್ಲಿ ಮಂತ್ರವಿದ್ಯೆ ಇಲ್ಲದವರನ್ನು ಕರೆಯುವ ಪದವದು. ಆದರೆ ಅಪ್ಪ ಅಮ್ಮಂದಿರ ಬೆನ್ನು ಹತ್ತಿ ಬರುವ ಮಕ್ಕಳನ್ನು ಏನೆನ್ನಬೇಕು? ಅವರು ಹೊರಗಿನವರಲ್ಲ, ಪೂರ್ಣ ಒಳಗಿನವರೂ ಅಲ್ಲ. ಕೆಲವರು 'ಮಗ್ಲೆಟ್', ಅಂದರೆ ಮರಿ ಮಗಲ್ ಎಂದರು. ಕೆಲವರು 'ಜಿಯೋಕಿಡ್' ಎಂದರು. ನಮ್ಮ ಪುಟ್ಟ, ಚಿನ್ನಿ, ಗುಂಡಗಳಂತೆ ಇವೂ ಮುದ್ದಿನ ಹೆಸರುಗಳೇ.

ಹಲವು ವರ್ಷ ತರಗತಿಯಲ್ಲಿ ಹಾಜರಿ ಕೂಗಿದ ನನಗೆ ಅಡ್ಡಹೆಸರಿನ ಇನ್ನೊಂದು ಮುಖವೂ ಗೊತ್ತು. ಸಹಪಾಠಿಗಳು 'ಕುಳ್ಳ' ಎಂದೊಡನೆ ತಲೆ ತಗ್ಗಿಸಿದ ಮಕ್ಕಳನ್ನು ಕಂಡಿದ್ದೇನೆ. ಈ ಆಟದಲ್ಲಾದರೋ ಕುಳ್ಳಗಿರುವುದೇ ಗುಣ. ಮರದ ಬುಡದ ಪೊಟರೆ, ಬೆಂಚಿನ ಅಡಿಭಾಗ ಮಗುವಿನ ಕಣ್ಣಿಗೇ ಹತ್ತಿರ. ಡಬ್ಬಿಯಿಂದ ಆಟಿಕೆಯೊಂದನ್ನು ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನೋ ಹೆಚ್ಚಿನದನ್ನೋ ಅಲ್ಲಿಡಬೇಕೆಂಬ ನಿಯಮವನ್ನೂ ಅದು ಕಲಿಯುತ್ತದೆ. ಕೊನೆಗೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ತನ್ನ ಆಟದ ಹೆಸರನ್ನು ತಾನೇ ಬರೆಯುತ್ತದೆ.

ಮಗು ನಗುತ್ತ ಬರೆದುಕೊಳ್ಳುವ ಹೆಸರು ಮುದ್ದಿನದು. ಬರೆಯಲು ಅಳುಕುವ ಹೆಸರು ನೋವಿನದು. ಇಂದು ತಾಯ್ತಂದೆಯರಾಗಿರುವ, ಶಿಕ್ಷಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಹೆಸರಿಡುವ ಮುನ್ನ ಈ ಒರೆಗಲ್ಲನ್ನು ನೆನಪಿಟ್ಟುಕೊಳ್ಳಲಿ.